ಕೋಡಿಕ್ಕರೈಯ ಹಕ್ಕಿಗಳು ಮಲೆನಾಡಿಗೆ ಹೇಳುವುದೇನು?

(ಬಳಗದ ವಾರ್ಷಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಸಮಾವೇಶವೊಂದರಲ್ಲಿ ಬಂಗಾಳ ಕೊಲ್ಲಿಯ ಅಂಚಿನಲ್ಲಿರುವ ಹಕ್ಕಿಧಾಮದ ಕುರಿತು ಮಾತನಾಡುವುದು ನಿಮಗೆ ವಿಚಿತ್ರವೆನಿಸಬಹುದು. ನಮ್ಮ ಚಿಂತೆಗಳೆಲ್ಲ ಕಾನು, ಸೊಪ್ಪಿನಬೆಟ್ಟ, ಹೊಳೆ, ತೋಟಗಳಿಗೆ ಸೇರಿದವು. ಕಡಲು ನಮಗೆ ಘಟ್ಟದ ಕೆಳಗಿನ ಸಂಗತಿ. ಅದರಲ್ಲೂ ಪೂರ್ವದ ಕಡಲು ಇನ್ನೂ ದೂರದ್ದು. ಆದರೂ ತಮಿಳುನಾಡಿನ ಕೋಡಿಕ್ಕರೈಯನ್ನು ಈ ಹೊತ್ತಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ಆ ಊರಿಗೂ ನಮ್ಮ ಬೆಟ್ಟಗಳಿಗೂ ಎರಡು ನಂಟುಗಳಿವೆ. ಒಂದು ಕಾವೇರಿಯ ನೀರಿನದು. ಇನ್ನೊಂದು ಸೊರಬದ ಕಾಡಿನಲ್ಲಿ ಕಾಣಿಸಿಕೊಂಡ ಒಂದು ರೋಗದ್ದು. ಈ ಎರಡನ್ನೂ ಹಿಡಿದು ಹೊರಟರೆ, ಅಪರೂಪದ ಹಕ್ಕಿಯೊಂದು ಕಾಣಿಸಿತೆಂಬ ಸುದ್ದಿಗೆ ನಾವು ಎಷ್ಟು ಬೆಲೆ ಕೊಡಬೇಕು, ಸಾಮಾನ್ಯ ಹಕ್ಕಿಗಳ ಲೆಕ್ಕಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತೇವೆ. ನಮ್ಮ ಚಳವಳಿಯ ಮಟ್ಟಿಗೆ ಈ ಪ್ರಶ್ನೆ ಸಣ್ಣದಲ್ಲ.

ಮೊದಲು ಸ್ಥಳದ ಪರಿಚಯ. ಭೂಪಟವನ್ನು ನೋಡಿದರೆ ಕೋರಮಂಡಲ ತೀರವು ಉತ್ತರದಿಂದ ದಕ್ಷಿಣಕ್ಕೆ ನೇರವಾಗಿ ಇಳಿದು ಬಂದು, ನಾಗಪಟ್ಟಿಣಂ ಜಿಲ್ಲೆಯ ತುದಿಯಲ್ಲಿ ಒಮ್ಮೆಲೇ ಪಶ್ಚಿಮಕ್ಕೆ ತಿರುಗುತ್ತದೆ. ಆ ಮೂಲೆಯೇ ಕೋಡಿಕ್ಕರೈ. ಇಂಗ್ಲಿಷ್ ಬರಹಗಳಲ್ಲಿ ಅದರ ಹೆಸರು ಪಾಯಿಂಟ್ ಕ್ಯಾಲಿಮಿಯರ್. ಒಂದು ಬದಿಗೆ ಬಂಗಾಳ ಕೊಲ್ಲಿ, ಇನ್ನೊಂದು ಬದಿಗೆ ಪಾಕ್ ಜಲಸಂಧಿ, ಅದರಾಚೆ ಶ್ರೀಲಂಕಾ. ಮೂಲೆಯಲ್ಲಿ ಒಣಪ್ರದೇಶದ ಕುಳ್ಳ ನಿತ್ಯಹರಿದ್ವರ್ಣ ಕಾಡು, ಹುಲ್ಲುಗಾವಲು. ಅದರ ಹಿಂದೆ ಪಶ್ಚಿಮಕ್ಕೆ, ಮುತ್ತುಪೇಟೆಯ ಕಾಂಡ್ಲಾ ಕಾಡಿನವರೆಗೂ ಹಬ್ಬಿರುವ ವೇದಾರಣ್ಯಂ ಜೌಗು. 1967ರಲ್ಲಿ ಇಲ್ಲಿ ವನ್ಯಧಾಮ ಘೋಷಣೆಯಾದಾಗ ಮುಖ್ಯ ಉದ್ದೇಶ ಕೃಷ್ಣಮೃಗಗಳ ರಕ್ಷಣೆಯಾಗಿತ್ತು. ಕಾಡಿಗೆ ಬೇಲಿ ಬಿತ್ತು, ಹಕ್ಕಿಗಳ ಊಟದ ತಟ್ಟೆಯಾದ ಜೌಗಿನ ಬಹುಭಾಗ ಹೊರಗುಳಿಯಿತು. 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದಾಗ ಜೌಗು, ಕಾಂಡ್ಲಾ, ಉಪ್ಪಿನ ಗದ್ದೆಗಳೂ ಒಳಗೊಂಡಂತೆ ಸುಮಾರು 38,500 ಹೆಕ್ಟೇರಿನ ವಿಸ್ತಾರಕ್ಕೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ತಮಿಳುನಾಡಿನ ಮೊದಲ ರಾಮ್ಸಾರ್ ತಾಣ ಅದು.

ಈ ಜೌಗು ಕಾವೇರಿ ಮುಖಜಭೂಮಿಯ ಕೊನೆಯ ಅಂಚು. ತಲಕಾವೇರಿಯಿಂದ ಹೊರಟ ನದಿ, ಹೇಮಾವತಿ, ಲಕ್ಷ್ಮಣತೀರ್ಥಗಳನ್ನು ಕೂಡಿಸಿಕೊಂಡು, ಅಣೆಕಟ್ಟುಗಳನ್ನೂ ಗದ್ದೆಬಯಲುಗಳನ್ನೂ ದಾಟಿ ಕವಲೊಡೆದು, ಉಳಿದಷ್ಟು ನೀರನ್ನು ತಂದು ಸುರಿಯುವ ಜಾಗಗಳಲ್ಲಿ ಇದೂ ಒಂದು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು ಮಳೆ ಮತ್ತು ನದಿಕವಲುಗಳ ಸಿಹಿನೀರು ಸೇರಿ ಜೌಗು ತುಂಬುತ್ತದೆ. ಮಳೆ ನಿಂತ ಮೇಲೆ ನೀರು ಮೆಲ್ಲಗೆ ಹಿಂಜರಿಯುತ್ತದೆ, ಕೆಸರು ಬಯಲು ತೆರೆದುಕೊಳ್ಳುತ್ತದೆ. ಬೇಸಗೆ ಬಂದಂತೆ ಉಪ್ಪಿನಂಶ ಏರುತ್ತದೆ. ಈ ಏರಿಳಿತದ ನಡುವಣ ಕೆಲವು ತಿಂಗಳುಗಳಲ್ಲಿ ಕೆಸರಿನೊಳಗೆ ಹುಳು, ಸಿಗಡಿಮರಿ, ಕೀಟಗಳ ಲಾರ್ವ ಯಥೇಚ್ಛವಾಗಿ ಬೆಳೆಯುತ್ತವೆ. ಅದೇ ಹೊತ್ತಿಗೆ ಉತ್ತರದಿಂದ ಹಕ್ಕಿಗಳು ಇಳಿಯುತ್ತವೆ.

ನೀರಂಚಿನಲ್ಲಿ ಮೇಯುವ ಈ ಹಕ್ಕಿಗಳ ಬದುಕು ಬೆರಳಿನ ಅಳತೆಯದು. ಲಿಟಲ್ ಸ್ಟಿಂಟ್ ಎಂಬ, ನಮ್ಮ ಗುಬ್ಬಿಯಷ್ಟು ತೂಕದ ಹಕ್ಕಿಗೆ ಕಾಲು ಮುಳುಗದಷ್ಟು ತೆಳುನೀರು ಬೇಕು, ಅದರ ಕೊಕ್ಕು ಕೆಸರಿನ ಮೇಲ್ಪದರವನ್ನಷ್ಟೇ ಮುಟ್ಟಬಲ್ಲುದು. ಬಾಗಿದ ಕೊಕ್ಕಿನ ಕರ್ಲ್ಯೂ ಸ್ಯಾಂಡ್‌ಪೈಪರ್ ಇನ್ನೊಂದಿಷ್ಟು ಆಳಕ್ಕಿಳಿಯುತ್ತದೆ. ಉದ್ದ ಕಾಲಿನ ರಾಜಹಂಸ ಆಳನೀರಿನಲ್ಲಿ ನಿಂತು, ಕೊಕ್ಕನ್ನು ತಲೆಕೆಳಗು ಮಾಡಿ ನೀರನ್ನು ಸೋಸಿ ಉಣ್ಣುತ್ತದೆ. ನೀರು ಒಂದು ಗೇಣು ಏರಿದರೆ ಸಣ್ಣ ಹಕ್ಕಿಗಳಿಗೆ ಊಟವಿಲ್ಲ. ಉಪ್ಪಿನಂಶ ಮಿತಿಮೀರಿದರೆ ಕೆಸರಿನೊಳಗಿನ ಜೀವಿಗಳ ಪಟ್ಟಿಯೇ ಬದಲಾಗುತ್ತದೆ. ಸೈಬೀರಿಯದ ತುಂಡ್ರಾದಲ್ಲಿ ಮರಿ ಮಾಡಿ ಸಾವಿರಾರು ಕಿಲೋಮೀಟರ್ ಹಾರಿ ಬಂದ ಕರ್ಲ್ಯೂ ಸ್ಯಾಂಡ್‌ಪೈಪರ್‌ಗೆ ಕೋಡಿಕ್ಕರೈಯಲ್ಲಿ ಬೇಕಾದದ್ದು ಹೀಗೆ ಕೆಲವೇ ಅಂಗುಲಗಳ ವ್ಯವಸ್ಥೆ. ಆ ಅಂಗುಲಗಳನ್ನು ನಿರ್ಧರಿಸುವವರಲ್ಲಿ ಮೇಲ್ದಂಡೆಯವರಾದ ನಾವೂ ಇದ್ದೇವೆ ಎಂಬುದು ಮೊದಲ ನಂಟು.

ಕಾಡಿನ ಹಕ್ಕಿಗಳಿಗೂ ಕೋಡಿಕ್ಕರೈ ಬೇಕು. ಶ್ರೀಲಂಕೆಗೆ ಹೋಗುವ ಹಕ್ಕಿಗಳಿಗೆ ಕಡಲು ದಾಟುವ ಮುನ್ನ ಸಿಗುವ ಕೊನೆಯ ನೆಲೆಗಳಲ್ಲಿ ಅದು ಒಂದು. ಚಳಿಗಾಲದಲ್ಲಿ ನಮ್ಮ ಕಾನುಗಳ ತರಗೆಲೆಗಳ ನಡುವೆ ಕುಪ್ಪಳಿಸುವ ನವರಂಗದ ಬಂಧುಗಳು ಅಲ್ಲಿನ ಕುಳ್ಳಕಾಡಿನಲ್ಲಿ ಇಳಿದು ಸುಧಾರಿಸಿಕೊಂಡು ಮುಂದುವರಿಯುತ್ತವೆ.

ಇನ್ನು ಎರಡನೆಯ ನಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಕಾಡಿಗೆ ಹೋಗಿಬಂದ ಜನರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರ ವೈರಾಣುವನ್ನು ಪ್ರತ್ಯೇಕಿಸಿತು. ನಾವು ಮಂಗನ ಕಾಯಿಲೆ ಎಂದು ಕರೆಯುವ ಆ ರೋಗದ ವೈರಾಣು, ರಷ್ಯಾದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಾಣುವಿನ ಗುಂಪಿಗೆ ಸೇರಿದ್ದೆಂದು ತಿಳಿದಾಗ ವಿಜ್ಞಾನಿಗಳಿಗೆ ಒಂದು ಅನುಮಾನ ಬಂತು. ಉತ್ತರದಿಂದ ಪ್ರತಿವರ್ಷ ಬರುವ ಹಕ್ಕಿಗಳು ತಮ್ಮ ಮೈಮೇಲಿನ ಉಣ್ಣೆಗಳೊಂದಿಗೆ ಈ ರೋಗವನ್ನು ಮಲೆನಾಡಿಗೆ ತಂದಿರಬಹುದೇ?

ಉತ್ತರಿಸಬೇಕೆಂದರೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ಬರುತ್ತದೆ, ಎಲ್ಲಿ ತಂಗುತ್ತದೆ ಎಂಬುದು ತಿಳಿದಿರಬೇಕು. ಅದಕ್ಕೆ ತಕ್ಕ ಮಾಹಿತಿ ಆಗ ದೇಶದಲ್ಲಿರಲಿಲ್ಲ. ಹೀಗೆ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ ವಲಸೆಹಕ್ಕಿಗಳ ಕ್ಷೇತ್ರಾಧ್ಯಯನವನ್ನು ಆರಂಭಿಸಿತು. ಹಕ್ಕಿಗಳನ್ನು ನವುರಾದ ಬಲೆಗಳಲ್ಲಿ ಹಿಡಿದು, ಅಳೆದು, ತೂಗಿ, ಕಾಲಿಗೆ ಸಂಖ್ಯೆಯುಳ್ಳ ಲೋಹದ ಉಂಗುರ ತೊಡಿಸಿ ಬಿಡುವ ಕೆಲಸ ಅದು. ಸಿಕ್ಕವರು ಬಾಂಬೆಯ ಸೊಸೈಟಿಗೆ ತಿಳಿಸಿ ಎಂಬ ಒಕ್ಕಣೆ ಆ ಉಂಗುರದ ಮೇಲೆ ಇರುತ್ತದೆ. ಭರತಪುರದಂತೆ ಕೋಡಿಕ್ಕರೈಯೂ ಈ ಅಧ್ಯಯನದ ಮುಖ್ಯ ನೆಲೆಗಳಲ್ಲಿ ಒಂದಾಯಿತು. ನಮ್ಮ ಸೊರಬದ ಸಾವುಗಳು ದೇಶದ ಹಕ್ಕಿಲೆಕ್ಕಕ್ಕೆ ಪೀಠಿಕೆ ಬರೆದವೆಂದರೆ ತಪ್ಪಾಗದು.

ಬಲೆ ಬೀಸುವ ವಿದ್ಯೆ ವಿಶ್ವವಿದ್ಯಾಲಯಗಳಲ್ಲಿ ಇರಲಿಲ್ಲ. ಅದು ಇದ್ದದ್ದು ಬಿಹಾರದ ಮೀರ್‌ಶಿಕಾರಿಗಳಂತಹ, ತಲೆಮಾರುಗಳಿಂದ ಹಕ್ಕಿ ಹಿಡಿದು ಬದುಕಿದ ಸಮುದಾಯಗಳಲ್ಲಿ. ಆ ಸಮುದಾಯದ ಅಲಿ ಹುಸೇನ್ ಅವರು ಹಕ್ಕಿಗೆ ಗಾಯವಾಗದಂತೆ ಹಿಡಿಯುವ ತಮ್ಮ ಕೈಚಳಕವನ್ನು ಸಂಶೋಧನೆಗೆ ಧಾರೆಯೆರೆದರು. ಕೊಲ್ಲಲು, ಮಾರಲು ಕಲಿತ ವಿದ್ಯೆ ಕಾಯಲು ಒದಗಿತು. ಕಾಡಿನ ಜ್ಞಾನ ಯಾರ ಬಳಿ ಇದೆ ಎಂದು ಹುಡುಕುವಾಗ ನಾವು ಇದನ್ನು ನೆನೆಯಬೇಕು.

ಈ ಕಥೆಗೆ ಕಹಿಯಾದ ಅಧ್ಯಾಯವೂ ಇದೆ. ಮುಂದೆ ಈ ಅಧ್ಯಯನಕ್ಕೆ ಅಮೆರಿಕದ ಸೇನೆಯ ವೈದ್ಯಕೀಯ ಸಂಶೋಧನಾ ವಿಭಾಗಕ್ಕೆ ಸೇರಿದ ಯೋಜನೆಯಿಂದ ಹಣ ಬಂತು. 1970ರ ದಶಕದಲ್ಲಿ, ಹಕ್ಕಿಗಳ ವಲಸೆಯ ಮಾಹಿತಿಯನ್ನು ಜೈವಿಕ ಯುದ್ಧಕ್ಕೆ ಬಳಸಬಹುದೆಂಬ ಆತಂಕ ಪತ್ರಿಕೆಗಳಲ್ಲೂ ಸಂಸತ್ತಿನಲ್ಲೂ ಎದ್ದಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರ ತನ್ನ ವರದಿಯಲ್ಲಿ ವಿದೇಶಿ ನೆರವಿನ ಇಂತಹ ಹಲವು ಸಂಶೋಧನೆಗಳನ್ನು ಪರಿಶೀಲಿಸಿತು. ಯಾರ ಹಣದಿಂದ ಲೆಕ್ಕ, ಲೆಕ್ಕದ ಪುಸ್ತಕ ಯಾರ ಕೈಯಲ್ಲಿ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ನ್ಯಾಯವಾದದ್ದೇ. ಅದಕ್ಕೆ ಉತ್ತರ ಲೆಕ್ಕವನ್ನೇ ಬಿಡುವುದಲ್ಲ, ನಮ್ಮ ಲೆಕ್ಕವನ್ನು ನಾವೇ ಬರೆಯುವುದು.

ಹಾಗಾದರೆ ಹಕ್ಕಿಗಳ ಮೇಲಿನ ಆರೋಪ ಏನಾಯಿತು? ವಲಸೆಹಕ್ಕಿಗಳೇ ಮಂಗನ ಕಾಯಿಲೆಯನ್ನು ಮಲೆನಾಡಿಗೆ ತಂದವೆಂಬುದಕ್ಕೆ ಪುರಾವೆ ಸಿಗಲಿಲ್ಲ. ರೋಗದ ಚಕ್ರ ನಮ್ಮ ಕಾಡಿನೊಳಗೇ, ಉಣ್ಣೆ, ಇಲಿ-ಮೂಗಿಲಿಗಳಂತಹ ಸಣ್ಣ ಪ್ರಾಣಿ, ಮಂಗಗಳ ನಡುವೆ ತಿರುಗುತ್ತದೆಂದು ತಿಳಿಯಿತು. ಕಾಡು ತುಂಡಾಗಿ, ಅಂಚುಗಳು ಹೆಚ್ಚಿ, ಅಲ್ಲಿ ಮನುಷ್ಯರೂ ದನಗಳೂ ಓಡಾಡುವುದು ಹೆಚ್ಚಾದಂತೆ ಉಣ್ಣೆಯೂ ಮನುಷ್ಯನೂ ಹತ್ತಿರವಾದರು. ದೂರದ ಹಕ್ಕಿಯ ರೆಕ್ಕೆಯಲ್ಲಿ ಕಾರಣ ಹುಡುಕಿದವರಿಗೆ ಕಾರಣ ಕಡಿದ ಕಾಡಿನ ಅಂಚಿನಲ್ಲೇ ಕಂಡಿತು. ಊಹೆ ಮಾಡುವುದಕ್ಕೆ ಒಂದು ದಿನ ಸಾಕಾಗಿತ್ತು. ಅದನ್ನು ಒರೆಗೆ ಹಚ್ಚಲು ವರ್ಷಗಟ್ಟಲೆ ಉಂಗುರ ತೊಡಿಸಬೇಕಾಯಿತು.

ಇನ್ನು ಅಪರೂಪದ ಹಕ್ಕಿಯ ಮಾತಿಗೆ ಬರೋಣ. ಕೋಡಿಕ್ಕರೈಯ ದಾಖಲೆಗಳಲ್ಲಿ ಎಲ್ಲರೂ ಬೆರಳಿಟ್ಟು ತೋರಿಸುವ ಹೆಸರು ಸ್ಪೂನ್‌ಬಿಲ್ಡ್ ಸ್ಯಾಂಡ್‌ಪೈಪರ್. ಮಾತಿನ ಅನುಕೂಲಕ್ಕಾಗಿ ಅದನ್ನು ಚಮಚಕೊಕ್ಕಿನ ಗೊರವ ಎನ್ನೋಣ. ಮೂವತ್ತು ಗ್ರಾಂ ಆಸುಪಾಸಿನ ತೂಕದ ಈ ಹಕ್ಕಿ ರಷ್ಯಾದ ಈಶಾನ್ಯ ತುದಿಯ ಚುಕೋಟ್ಕಾ ಮತ್ತು ಕಮ್ಚಾಟ್ಕಾ ತೀರಗಳಲ್ಲಿ ಮಾತ್ರ ಮರಿ ಮಾಡುತ್ತದೆ. ಪೀತ ಸಮುದ್ರದ ಕೆಸರು ಬಯಲುಗಳಲ್ಲಿ ತಂಗಿ, ಮ್ಯಾನ್ಮಾರ್, ಬಾಂಗ್ಲಾದೇಶ, ಥಾಯ್ಲೆಂಡ್, ದಕ್ಷಿಣ ಚೀನಗಳ ತೀರದಲ್ಲಿ ಚಳಿಗಾಲ ಕಳೆಯುತ್ತದೆ. ಕೋಡಿಕ್ಕರೈ ಅದರ ಪಯಣದ ಹೊರ ಅಂಚು. 1980ರ ದಶಕದ ಉಂಗುರ ತೊಡಿಸುವ ಶಿಬಿರಗಳ ಕಾಲದಲ್ಲಿ ಅದು ಅಲ್ಲಿ ದಾಖಲಾಯಿತು. ಆ ಕುರಿತ ಟಿಪ್ಪಣಿ 1985ರಲ್ಲಿ ಸೊಸೈಟಿಯ ಜರ್ನಲ್‌ನಲ್ಲಿ ಪ್ರಕಟವಾಯಿತು.

ಈ ಹಕ್ಕಿಯನ್ನು ಗುರುತಿಸುವುದು ಎಷ್ಟು ಕಷ್ಟವೆಂಬುದನ್ನು ಗಮನಿಸಬೇಕು. ಚಳಿಗಾಲದ ಬೂದು-ಬಿಳಿ ಗರಿಗಳಲ್ಲಿ ಅದು ಸ್ಟಿಂಟ್‌ಗಳಂತೆಯೇ ಕಾಣುತ್ತದೆ. ಚಮಚದಂತಹ ಕೊಕ್ಕಿನ ತುದಿ ಎದುರಿನಿಂದ ಮಾತ್ರ ಸ್ಪಷ್ಟ, ಪಕ್ಕದಿಂದ ನೋಡಿದರೆ ಸಾಮಾನ್ಯ ಕೊಕ್ಕು. ಸ್ಟಿಂಟ್‌ನ ಕೊಕ್ಕಿಗೆ ಕೆಸರು ಮೆತ್ತಿಕೊಂಡರೆ ಅದೂ ಚಮಚವೇ. ಬಿಸಿಲೇರಿದರೆ ಕೆಸರಿನ ಮೇಲೆ ಗಾಳಿ ನಡುಗಿ ದುರ್ಬೀನಿನಲ್ಲಿ ಏನೂ ನಿಲ್ಲದು. ಹೀಗಾಗಿ ಸಾವಿರ ಸ್ಟಿಂಟ್‌ಗಳ ನಡುವೆ ಒಂದು ಚಮಚಕೊಕ್ಕನ್ನು ಹುಡುಕುವವನಿಗೆ ಅಡ್ಡದಾರಿಯಿಲ್ಲ. ಸಾವಿರ ಸ್ಟಿಂಟ್‌ಗಳನ್ನೂ ಒಂದೊಂದಾಗಿ ನೋಡಲೇಬೇಕು. ಬಲೆಗೆ ಬಿದ್ದು ಕೈಗೆ ಬಂದ ಹಕ್ಕಿಯ ವಿಷಯದಲ್ಲಿ ಸಂಶಯವಿರದು, ಆದರೆ ಬಲೆಗೆ ಅದು ಬೀಳುವುದೂ ಸಾವಿರಾರು ಸಾಮಾನ್ಯ ಹಕ್ಕಿಗಳ ಜೊತೆಯಲ್ಲೇ. ಅಪರೂಪವೆಂಬುದು ಸಾಮಾನ್ಯದ ಲೆಕ್ಕದಿಂದಲೇ ಹುಟ್ಟುವ ಮಾತು. ಲೆಕ್ಕವಿಲ್ಲದ ಜಾಗದಲ್ಲಿ ಅಪರೂಪ ಯಾವುದು, ದಿನನಿತ್ಯದ್ದು ಯಾವುದು ಎಂದು ಹೇಳುವವರಾರು?

ಈ ಹಕ್ಕಿಯ ಮುಂದಿನ ಕಥೆ ಅದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. 1970ರ ದಶಕದಲ್ಲಿ ಮರಿ ಮಾಡುವ ಜೋಡಿಗಳು 2,000ದಿಂದ 2,800 ಇರಬಹುದೆಂದು ರಷ್ಯಾದ ವಿಜ್ಞಾನಿಗಳು ಅಂದಾಜಿಸಿದ್ದರು. 2000ದ ಸುಮಾರಿಗೆ ಅದು 1,000ಕ್ಕಿಂತ ಕೆಳಗಿಳಿಯಿತು. 2009-10ರ ಅಂದಾಜು 120ರಿಂದ 200 ಜೋಡಿಗಳು ಮಾತ್ರ. 2008ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿ ಅದನ್ನು ಅಳಿವಿನ ಅತ್ಯಂತ ಸಮೀಪದ ವರ್ಗಕ್ಕೆ ಸೇರಿಸಿತು. ಕಾರಣಗಳಲ್ಲಿ ದೊಡ್ಡದು ದಾರಿಯ ಮಧ್ಯದ ಊಟದ ಮನೆಗಳನ್ನು ಮುಚ್ಚಿದ್ದು. ಪೀತ ಸಮುದ್ರದ ತೀರದಲ್ಲಿ ಕೈಗಾರಿಕೆ, ಕೃಷಿ, ಬಂದರುಗಳಿಗಾಗಿ ಕೆಸರು ಬಯಲುಗಳಿಗೆ ಗೋಡೆ ಕಟ್ಟಿ ಸಮುದ್ರವನ್ನು ಹೊರಗಿಟ್ಟರು. ದಕ್ಷಿಣ ಕೊರಿಯಾದ ಸೆಮಾಂಗಮ್ ಅಳಿವೆಗೆ 33 ಕಿಲೋಮೀಟರ್ ಉದ್ದದ ಗೋಡೆ 2006ರಲ್ಲಿ ಕೂಡಿಕೊಂಡಿತು. ಇನ್ನೊಂದು ಕಾರಣ ಚಳಿಗಾಲದ ನೆಲೆಗಳಲ್ಲಿನ ಬಲೆಗಳು.

ಇದಕ್ಕೆ ಸಮಾಧಾನದ ಮುಖವೂ ಇದೆ. 2008ರ ನಂತರದ ಸಮೀಕ್ಷೆಗಳಿಂದ ಮ್ಯಾನ್ಮಾರಿನ ಮರ್ತಬಾನ್ ಕೊಲ್ಲಿ ಈ ಹಕ್ಕಿಯ ಅತಿದೊಡ್ಡ ಚಳಿಗಾಲದ ನೆಲೆಯೆಂದು ತಿಳಿದಾಗ, ಅಲ್ಲಿನ ಬಡ ಬೇಟೆಗಾರರನ್ನು ಜೈಲಿಗೆ ಅಟ್ಟುವ ಬದಲು ಬೇರೆ ಜೀವನೋಪಾಯಕ್ಕೆ ನೆರವು ನೀಡಲಾಯಿತು, ಅನೇಕರು ಬಲೆ ಕೈಬಿಟ್ಟರು. 2018ರಲ್ಲಿ ಚೀನ ವಾಣಿಜ್ಯ ಉದ್ದೇಶಕ್ಕಾಗಿ ಕಡಲು ತುಂಬುವುದನ್ನು ನಿರ್ಬಂಧಿಸಿತು. 2019ರಲ್ಲಿ ಪೀತ ಸಮುದ್ರದ ಕೆಲವು ಕೆಸರು ಬಯಲುಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವೆಲ್ಲ ಸಾಧ್ಯವಾದದ್ದು 2,800, 1,000, 200 ಎಂಬ ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದು ಇಡಲು ಸಾಧ್ಯವಾದದ್ದರಿಂದ. ಬರಿ ಒಂದು ಸುಂದರ ಹಕ್ಕಿ ಕಂಡಿತೆಂಬ ವರದಿ ಯಾವ ಸರ್ಕಾರದ ಮನಸ್ಸನ್ನೂ ತಿರುಗಿಸದು.

ಕೋಡಿಕ್ಕರೈಯಲ್ಲೂ ನಿಜವಾದ ಎಚ್ಚರಿಕೆ ಬಂದದ್ದು ಅಪರೂಪದ ಹಕ್ಕಿಯಿಂದಲ್ಲ. ಡಾ. ಎಸ್. ಬಾಲಚಂದ್ರನ್ ಅವರಂತಹ ಸೊಸೈಟಿಯ ವಿಜ್ಞಾನಿಗಳು ದಶಕಗಳ ಕಾಲ ಅದೇ ಜೌಗಿನ ಅಂಚಿನಲ್ಲಿ ಅವೇ ಸ್ಟಿಂಟ್, ಅವೇ ಸ್ಯಾಂಡ್‌ಪೈಪರ್‌ಗಳನ್ನು ಹಿಡಿದು ಎಣಿಸಿ ಬಿಟ್ಟರು. ಒಂದು ಕಾಲಕ್ಕೆ ಲೆಕ್ಕಕ್ಕೆ ಸಿಗದಷ್ಟಿದ್ದ ಹಕ್ಕಿಗಳು ಕಡಿಮೆಯಾಗುತ್ತಿವೆ ಎಂಬ ಸತ್ಯ ಹೊರಬಂದದ್ದು ಆ ಬೇಸರದ ಕೆಲಸದಿಂದ. ಸಿಹಿನೀರಿನ ಹರಿವು ಕುಗ್ಗಿದ್ದು, ಜೌಗಿನೊಳಕ್ಕೆ ಉಪ್ಪಿನ ಉದ್ಯಮ ಹಬ್ಬಿದ್ದು, ನೀರಿನ ಮಟ್ಟ ಮತ್ತು ಉಪ್ಪಿನಂಶ ಅಸಹಜವಾಗಿ ಏರುಪೇರಾದದ್ದು ಕಾರಣಗಳ ಪಟ್ಟಿಯಲ್ಲಿವೆ. 2004ರ ಸುನಾಮಿ ನಾಗಪಟ್ಟಿಣಂ ಜಿಲ್ಲೆಯನ್ನು ನಲುಗಿಸಿತು. 2018ರ ನವೆಂಬರಿನ ಗಜ ಚಂಡಮಾರುತ ಕೋಡಿಕ್ಕರೈಯ ಮರಗಳನ್ನು ಉರುಳಿಸಿತು, ಕೃಷ್ಣಮೃಗಗಳೂ ಸತ್ತವು. ಒಂದು ವರ್ಷ ಹಕ್ಕಿ ಕಡಿಮೆಯಾದರೆ ಅದು ಚಂಡಮಾರುತದ ಫಲವೋ, ಮಳೆ ತಪ್ಪಿದ್ದರ ಫಲವೋ, ನಲವತ್ತು ವರ್ಷಗಳ ಇಳಿಜಾರಿನ ಇನ್ನೊಂದು ಮೆಟ್ಟಿಲೋ ಎಂದು ಬೇರ್ಪಡಿಸಲು ಹಳೆಯ ಪುಸ್ತಕ ಬೇಕೇ ಬೇಕು.

ಉಪ್ಪಿನ ಬಗ್ಗೆ ಒಂದು ಮಾತು. ವೇದಾರಣ್ಯಂ ಎಂದರೆ 1930ರ ಏಪ್ರಿಲ್‌ನಲ್ಲಿ ರಾಜಾಜಿಯವರು ತಿರುಚಿನಾಪಳ್ಳಿಯಿಂದ ನಡೆದು ಬಂದು ಉಪ್ಪು ಮಾಡಿದ ಜಾಗ. ಅದೇ ತಿಂಗಳು ನಮ್ಮ ಅಂಕೋಲೆಯಲ್ಲೂ ಉಪ್ಪಿನ ಸತ್ಯಾಗ್ರಹ ನಡೆಯಿತು. ಕೈಯಿಂದ ಉಪ್ಪು ಮಾಡುವ ಸಣ್ಣ ಗದ್ದೆಗಳಲ್ಲಿ ಹಕ್ಕಿಗಳೂ ಮೇಯುತ್ತವೆ. ಆದ್ದರಿಂದ ಉಪ್ಪಿನವರನ್ನು ಹಕ್ಕಿಗಳ ಶತ್ರುಗಳೆಂದು ಸಾರಾಸಗಟಾಗಿ ಹೇಳುವುದು ಅನ್ಯಾಯ. ಜೌಗಿನ ನೀರನ್ನೇ ತನ್ನ ಅಳತೆಗೆ ಕಟ್ಟಿಹಾಕುವ ಬೃಹತ್ ಉದ್ಯಮಕ್ಕೂ, ಋತುವಿನ ಜೊತೆ ನಡೆಯುವ ಸಣ್ಣ ಉಪ್ಪಿನ ಗದ್ದೆಗೂ ನಡುವಿನ ಅಂತರವನ್ನು ಕಾಣುವ ಕಣ್ಣು ಪರಿಸರವಾದಿಗಳಿಗೆ ಇರಬೇಕು.

ಅಂಕೋಲೆಯ ಹೆಸರು ಬಂದದ್ದರಿಂದ ನಮ್ಮ ಘಟ್ಟದ ಕೆಳಗೆ ಇಳಿಯೋಣ. ಶಿರಸಿಯ ಸೀಮೆಯಲ್ಲಿ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಅಘನಾಶಿನಿಯ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಬೃಹತ್ ಅಣೆಕಟ್ಟು ಕಾಣದೆ ಹರಿಯುವ ನದಿಯ ಅಳಿವೆ ಅದು. ಅಲ್ಲಿ ಗಜನಿ ಗದ್ದೆಗಳಿವೆ, ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತವಿದೆ, ಸಾಣಿಕಟ್ಟೆಯ ಉಪ್ಪಿನಾಗರವಿದೆ, ಇಳಿತದ ಹೊತ್ತಿಗೆ ಕೆಸರಿಗಿಳಿದು ಬೆಳಚು ಹೆಕ್ಕುವ ಹೆಂಗಸರಿದ್ದಾರೆ. ಅದೇ ಕೆಸರಿನಲ್ಲಿ ಉತ್ತರದಿಂದ ಬಂದ ಹಕ್ಕಿಗಳೂ ಮೇಯುತ್ತವೆ. ಹಕ್ಕಿಗೂ ಆ ಹೆಂಗಸಿಗೂ ಬೇಕಾದದ್ದು ಒಂದೇ: ಘಟ್ಟದಿಂದ ಸರಿಯಾದ ಕಾಲಕ್ಕೆ ಸರಿಯಾದಷ್ಟು ಸಿಹಿನೀರು, ಹೂಳಿನಲ್ಲಿ ಹದ. ತದಡಿಯಲ್ಲಿ 4,000 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಸ್ಥಳೀಯರ ವಿರೋಧಕ್ಕೆ ಬಲ ಕೊಟ್ಟದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಎಂ.ಡಿ. ಸುಭಾಷ್‌ಚಂದ್ರನ್, ಡಾ. ಟಿ.ವಿ. ರಾಮಚಂದ್ರ ಮೊದಲಾದವರು ನಡೆಸಿದ ಅಳಿವೆಯ ಮೀನು, ಚಿಪ್ಪು, ಕಾಂಡ್ಲಾಗಳ ಅಧ್ಯಯನಗಳು. ಆ ಯೋಜನೆ ಜಾರಿಗೆ ಬರಲಿಲ್ಲ. ಆದರೆ ಪಶ್ಚಿಮಕ್ಕೆ ಹರಿಯುವ ಬೇಡ್ತಿ, ಅಘನಾಶಿನಿಗಳ ನೀರನ್ನು ಪೂರ್ವಕ್ಕೆ ತಿರುಗಿಸುವ ಪ್ರಸ್ತಾಪಗಳು ಮತ್ತೆ ಮತ್ತೆ ತಲೆ ಎತ್ತುತ್ತಲೇ ಇವೆ. ಸಿಹಿನೀರು ತಪ್ಪಿದ ಅಳಿವೆಗೆ ಏನಾಗುತ್ತದೆಂದು ತಿಳಿಯಲು ಪ್ರಯೋಗ ಮಾಡಬೇಕಾಗಿಲ್ಲ, ಕೋಡಿಕ್ಕರೈಯನ್ನು ನೋಡಿದರೆ ಸಾಕು.

ನಮ್ಮ ಮನವಿಗಳ ಭಾಷೆಯನ್ನು ಇಲ್ಲಿ ಸ್ವಲ್ಪ ಪರೀಕ್ಷಿಸಿಕೊಳ್ಳೋಣ. ಯಾವುದೇ ಯೋಜನೆಯನ್ನು ವಿರೋಧಿಸುವಾಗ ನಾವು ಮೊದಲು ಬರೆಯುವುದು ಇಲ್ಲಿ ಇಂಥಿಂಥ ಅಪರೂಪದ ಪ್ರಾಣಿ, ಪಕ್ಷಿ, ಸಸ್ಯಗಳಿವೆ ಎಂದು. ಅದು ನಿಜವೂ ಹೌದು, ಕಾನೂನಿನಲ್ಲಿ ಅದಕ್ಕೆ ಬೆಲೆಯೂ ಉಂಟು. ಆದರೆ ಈ ವಾದಕ್ಕೆ ಎರಡು ದೌರ್ಬಲ್ಯಗಳಿವೆ. ಮೊದಲನೆಯದು, ಅಪರೂಪದ ಹಕ್ಕಿ ಪರಿಶೀಲನಾ ತಂಡ ಬಂದ ದಿನ ಕಾಣಿಸುವುದಿಲ್ಲ, ಕಾಣದಿದ್ದರೆ ಇಲ್ಲವೆಂದು ವರದಿ ಬರೆಯುವುದು ಸುಲಭ. ಎರಡನೆಯದು ಇನ್ನೂ ಗಂಭೀರ. ಅಪರೂಪದ್ದು ಇರುವ ಜಾಗವಷ್ಟೇ ಉಳಿಯಬೇಕೆಂದು ನಾವೇ ಒಪ್ಪಿದಂತಾಗಿ, ಸಾಮಾನ್ಯ ಕೆರೆ, ಸಾಮಾನ್ಯ ಬೆಟ್ಟ, ಸಾಮಾನ್ಯ ಹಕ್ಕಿ ಅನಾಥವಾಗುತ್ತವೆ. ಇಂದಿನ ಅಪರೂಪಗಳಲ್ಲಿ ಅನೇಕವು ನಿನ್ನೆ ಸಾಮಾನ್ಯವಾಗಿದ್ದವು.

2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯನ್ನು ಗಮನಿಸಿ. ಸುಮಾರು 30,000 ಪಕ್ಷಿವೀಕ್ಷಕರು ದಾಖಲಿಸಿದ ಮೂರು ಕೋಟಿ ಅವಲೋಕನಗಳನ್ನು ಆಧರಿಸಿ 942 ಪ್ರಭೇದಗಳನ್ನು ಪರಿಶೀಲಿಸಲಾಯಿತು. ಅವುಗಳಲ್ಲಿ ದೀರ್ಘಾವಧಿಯ ಏರಿಳಿತವನ್ನು ಹೇಳಲು ಸಾಧ್ಯವಾದದ್ದು 338ಕ್ಕೆ ಮಾತ್ರ, ಅವುಗಳ ಪೈಕಿ 204 ಇಳಿಮುಖವಾಗಿದ್ದವು. ಉಳಿದ ಆರುನೂರಕ್ಕೂ ಹೆಚ್ಚು ಹಕ್ಕಿಗಳ ವಿಷಯದಲ್ಲಿ ತೀರ್ಪು ಹೇಳುವಷ್ಟು ಹಳೆಯ ಲೆಕ್ಕವೇ ನಮ್ಮಲ್ಲಿಲ್ಲ. ಅವು ಕ್ಷೇಮವಾಗಿವೆ ಎಂದು ಇದರ ಅರ್ಥವಲ್ಲ. ಅವು ಕಣ್ಮರೆಯಾದರೂ ಸಾಕ್ಷಿ ಹೇಳುವವರಿಲ್ಲ ಎಂದರ್ಥ.

ಲೆಕ್ಕದ ಬಲ ನಮಗೆ ಹೊಸದೂ ಅಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧದ ಹೋರಾಟವನ್ನು ಇಲ್ಲಿನ ಹಿರಿಯರು ಬಲ್ಲರು. 1981ರಲ್ಲಿ ಶಿರಸಿಯಲ್ಲಿ ನಡೆದ ವಿಚಾರಸಂಕಿರಣದಲ್ಲಿ ರೈತರೂ ವಿಜ್ಞಾನಿಗಳೂ ಒಟ್ಟಿಗೆ ಕುಳಿತು ಯೋಜನೆಯ ಲಾಭನಷ್ಟಗಳನ್ನು ಪರಿಶೀಲಿಸಿದರು. ಮುಳುಗುವ ತೋಟ, ಕಾಡುಗಳ ಬೆಲೆ ಕಾಗದದ ಮೇಲೆ ಬಂದಿತು. ಭಾವನೆ ಜನರನ್ನು ಸೇರಿಸಿತು, ಲೆಕ್ಕ ವಾದವನ್ನು ನಿಲ್ಲಿಸಿತು. ಅಂದು ಅಡಿಕೆ ಬೆಳೆಗಾರರು ತಮ್ಮ ತೋಟದ ಬಗ್ಗೆ ಬಲ್ಲಷ್ಟು ಖಚಿತವಾಗಿ ಇಂದು ನಾವು ನಮ್ಮ ಹೊಳೆ, ಕೆರೆ, ಹಕ್ಕಿಗಳ ಬಗ್ಗೆ ಬಲ್ಲೆವೇ?

ಪಕ್ಷಿವೀಕ್ಷಣೆ ಈಗ ಬೆಳೆದಿದೆ. ಉತ್ತಮ ಕ್ಯಾಮೆರಾಗಳು ಬಂದಿವೆ, ಯುವಜನ ಉತ್ಸಾಹದಿಂದ ಸೇರುತ್ತಿದ್ದಾರೆ. ಇದು ಸಂತೋಷದ ಸಂಗತಿ. ಜೊತೆಗೆ ಒಂದು ಅಪರೂಪದ ಹಕ್ಕಿಯ ಸುದ್ದಿ ಹಬ್ಬಿದ ಮರುದಿನವೇ ಹತ್ತಾರು ವಾಹನಗಳು ಆ ಜಾಗಕ್ಕೆ ನುಗ್ಗುವುದನ್ನೂ ಕಾಣುತ್ತಿದ್ದೇವೆ. ಕೆಸರು ಬಯಲಿನಲ್ಲಿ ವಿಶ್ರಮಿಸುವ ಹಕ್ಕಿಯನ್ನು ಪ್ರತಿಸಲ ಎಬ್ಬಿಸಿದಾಗಲೂ ಅದು ಮುಂದಿನ ಪಯಣಕ್ಕೆ ಕೂಡಿಟ್ಟ ಕೊಬ್ಬಿನಿಂದ ಒಂದಿಷ್ಟನ್ನು ಸುಡುತ್ತದೆ. ಧ್ವನಿಮುದ್ರಿತ ಕೂಗು ಕೇಳಿಸಿ ಹಕ್ಕಿಯನ್ನು ಸೆಳೆಯುವುದು, ಗೂಡಿನ ಮುಂದಿನ ಎಲೆಗಳನ್ನು ಸವರುವುದು, ಡ್ರೋನ್ ಹಾರಿಸುವುದು ವೀಕ್ಷಣೆಯಲ್ಲ, ಬೇಟೆಯ ಇನ್ನೊಂದು ರೂಪ. ಗೂಡಿರುವ, ಬೇಟೆಯ ಭಯವಿರುವ ಹಕ್ಕಿಯ ನಿಖರ ಜಾಗವನ್ನು ಪ್ರಕಟಿಸದಿರುವ ಸಂಯಮವನ್ನು ನಮ್ಮ ಈ ಪತ್ರಿಕೆಯೂ ಪಾಲಿಸಬೇಕೆಂದು ವಿನಂತಿಸುತ್ತೇನೆ.

ಕೊನೆಯದಾಗಿ ಬಳಗದ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ. ಪ್ರತಿ ಊರಿನ ಗೆಳೆಯರು ಒಂದು ಜಾಗವನ್ನು ಆರಿಸಿಕೊಳ್ಳಲಿ. ಅದು ಕೆರೆಯಾಗಲಿ, ಹೊಳೆಯ ಒಂದು ತಿರುವಾಗಲಿ, ಕಾನಿನ ಒಂದು ಕಾಲುದಾರಿಯಾಗಲಿ, ಹೆಸರಾಂತ ಜಾಗವೇ ಆಗಬೇಕಿಲ್ಲ. ತಿಂಗಳಿಗೊಮ್ಮೆ, ಅದೇ ಹೊತ್ತಿನಲ್ಲಿ, ಅಷ್ಟೇ ಸಮಯ ನಡೆದು, ಕಂಡ ಎಲ್ಲ ಹಕ್ಕಿಗಳನ್ನೂ ಸಂಖ್ಯೆಯೊಂದಿಗೆ ಬರೆಯೋಣ. ಕಾಗೆ, ಗೊರವಂಕ, ಪಿಕಳಾರಗಳನ್ನೂ ಬಿಡದೆ ಬರೆಯೋಣ. ಸೆಪ್ಟೆಂಬರಿನ ಸುಮಾರಿಗೆ ನಮ್ಮ ಹಳ್ಳದ ಬಂಡೆಗಳ ಮೇಲೆ ಬಾಲ ಕುಣಿಸುತ್ತ ಇಳಿಯುವ ಬೂದು ಕುಂಡೆಕುಸ್ಕನ ಮೊದಲ ದಿನವನ್ನೂ, ಬೇಸಗೆಯಲ್ಲಿ ಅದು ಕಾಣೆಯಾಗುವ ದಿನವನ್ನೂ ಗುರುತು ಹಾಕೋಣ. ಏನೂ ಕಾಣದ ದಿನ ಕಾಣಲಿಲ್ಲವೆಂದು ಬರೆಯೋಣ, ಅದೂ ದಾಖಲೆಯೇ. ಅಪರೂಪದ್ದೇನಾದರೂ ಕಂಡರೆ ಯಾವ ಲಕ್ಷಣದಿಂದ ಗುರುತಿಸಿದೆವು, ಎಷ್ಟು ದೂರದಿಂದ, ಎಷ್ಟು ಜನ ನೋಡಿದರು ಎಂಬ ವಿವರ ಜೊತೆಗಿರಲಿ. ಸಂಶಯವಿದ್ದರೆ ಸಂಶಯವೆಂದೇ ಬರೆಯೋಣ.

ಹಾಗೆಯೇ, ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ನಡೆಯುತ್ತ ಬಂದಿದೆ, ಅದು ನಡೆಯುವುದು ಜನವರಿಯಲ್ಲಿ. ಆ ತಿಂಗಳಲ್ಲಿ ನಮ್ಮಲ್ಲಿ ಕೆಲವರಾದರೂ ಘಟ್ಟ ಇಳಿದು ಅಘನಾಶಿನಿಯ ಕೆಸರಿನ ಅಂಚಿನಲ್ಲಿ ನಿಲ್ಲಬೇಕು. ಬೆಳಚು ಹೆಕ್ಕುವವರನ್ನೂ ಉಪ್ಪಿನಾಗರದ ಕೆಲಸಗಾರರನ್ನೂ ಮಾತನಾಡಿಸಿ, ಯಾವ ಹಕ್ಕಿಗೆ ಅವರಿಟ್ಟ ಹೆಸರೇನು, ಮೊದಲು ಎಷ್ಟಿದ್ದವು ಎಂದು ಕೇಳಿ ಬರೆದುಕೊಳ್ಳಬೇಕು. ನದಿಯ ಎರಡು ತುದಿಯವರು ಒಂದೇ ಪುಸ್ತಕದಲ್ಲಿ ಬರೆಯತೊಡಗಿದರೆ, ನದಿಯನ್ನು ಮಧ್ಯದಲ್ಲಿ ತಿರುಗಿಸಲು ಬರುವವರಿಗೆ ಉತ್ತರ ಕೊಡುವುದು ಸುಲಭವಾದೀತು.

ಇದು ಬೇಸರದ ಕೆಲಸ. ಮೊದಲ ವರ್ಷ ಇದರಿಂದ ಏನೂ ತಿಳಿಯದು, ಐದನೆಯ ವರ್ಷ ಸ್ವಲ್ಪ ತಿಳಿದೀತು. ಇಪ್ಪತ್ತನೆಯ ವರ್ಷ ಇದು ಈ ಬಳಗದ ಅತ್ಯಂತ ಬೆಲೆಬಾಳುವ ಆಸ್ತಿಯಾಗಿರುತ್ತದೆ. ಆಗ ನಮ್ಮ ಮಕ್ಕಳು ಯಾವುದೋ ಕಚೇರಿಯಲ್ಲಿ ನಿಂತು, ಇಲ್ಲಿ ಹಿಂದೆ ಏನಿತ್ತು, ಎಷ್ಟಿತ್ತು ಎಂಬ ಪ್ರಶ್ನೆಯನ್ನು ಎದುರಿಸಬೇಕಾಗಬಹುದು. ಅವರ ಕೈಯಲ್ಲಿ ಪುಸ್ತಕವಿರಬೇಕೋ ಬೇಡವೋ ಎಂಬುದನ್ನು ಈ ಚಳಿಗಾಲದಲ್ಲಿ ನಾವು ತೀರ್ಮಾನಿಸಬೇಕು.